ಮುಚ್ಚಳದ ಒಳಗಿನ ನಂಬರು

ಜುಲೈ 9, 2024, ಮಂಗಳವಾರ. ಹೊಸಪೇಟೆ

ಇವತ್ತೂ ಅದೇ. ಐದು ವಾಚಿಗೆ ಸೆಲ್, ಎರಡಕ್ಕೆ ಬೆಲ್ಟು. ಇಷ್ಟಕ್ಕೆ ಮೌನೇಶ ಯಾಕೆ ಬೇಕು? ಬಸ್ ಸ್ಟ್ಯಾಂಡಿನ ಮುಂದೆ ಮೊಬೈಲ್ ಕವರ್ ಮಾರುವವನೂ ಮಾಡುತ್ತಾನೆ. ಹೊನ್ನೂರಪ್ಪ ಗುರುಗಳ ಪಕ್ಕ ಇಪ್ಪತ್ತು ವರ್ಷ ಕೂತು, ಊದುಗೊಳವೆ ಊದಿ ಊದಿ ಕಲಿತ ಕೆಲಸ ನನ್ನದು. ಒಡೆದ ವಾಚಿನ ಕೇಸನ್ನು ಒಡೆದೇ ಇರಲಿಲ್ಲ ಅನ್ನುವ ಹಾಗೆ ಕೂಡಿಸುವ ಕೈ ಈ ಜಿಲ್ಲೆಯಲ್ಲಿ ಇನ್ನೊಂದಿಲ್ಲ. ಈಗ ಯಾರೂ ಕೇಸು ಕೂಡಿಸುವುದಿಲ್ಲ, ಬಿಸಾಡುತ್ತಾರೆ.

ಮಧ್ಯಾಹ್ನ ಮಾರುತೇಶ ಬಂದಿದ್ದ. ಹಂಪಿಯಲ್ಲಿ ಹಳೆ ಸಾಮಾನಿನ ಅಂಗಡಿ ಇಟ್ಟವನು. ಚೀಲದಿಂದ ಹನ್ನೊಂದು ವಾಚು ಟೇಬಲ್ ಮೇಲೆ ಸುರಿದ. ಎಲ್ಲವೂ ಕೀ ಕೊಡುವ ಹಳೆ ಮಾಲು, ಎಲ್ಲದರ ಕೇಸಿಗೂ ಪೆಟ್ಟು. ಬೆಲ್ಟು ಸಿಕ್ಕಿಸುವ ಕಿವಿ ಮುರಿದದ್ದು, ಅಂಚು ಜಜ್ಜಿದ್ದು. ಯಂತ್ರ ಒಂದರದು, ಮುಳ್ಳು ಇನ್ನೊಂದರದು. ಡಯಲ್ಲು ಮುಂಬೈಯಲ್ಲಿ ಹೊಸದಾಗಿ ಅಚ್ಚು ಹಾಕಿದ್ದು, ಹೆಸರು ಮಾತ್ರ ಹಳೇ ಕಂಪನಿಯದು. ಡುಪ್ಲಿಕೇಟು ಅಂತ ನನಗೆ ಒಂದು ಕ್ಷಣದಲ್ಲಿ ತಿಳಿಯಿತು. ಆದರೆ ಕೇಸುಗಳನ್ನು ಕೈಯಲ್ಲಿ ಹಿಡಿದಾಗ ಬಿಡಲು ಮನಸ್ಸಾಗಲಿಲ್ಲ.

"ಮೌನೇಶಣ್ಣ, ಇವನ್ನ ನೀವs ಮಾಡಬೇಕು. ಬ್ಯಾರೆಯವರು ಮುಟ್ಟಿದ್ರ ಹಾಳು" ಅಂದ. ಹೊಗಳಿಕೆ ಅಂತ ಗೊತ್ತಿತ್ತು. ಆದರೂ ಒಪ್ಪಿದೆ. ನಾನು ಕೇಸು ರಿಪೇರಿ ಮಾಡುವವನು. ಅವನು ಏನು ಹೇಳಿ ಮಾರುತ್ತಾನೋ ಅದು ಅವನ ಕರ್ಮ.

ಜುಲೈ 22, ಸೋಮವಾರ

ಕೇಸುಗಳು ಮುಗಿದವು. ಮಸ್ತ್ ಆಗಿವೆ. ಎಂಟನೆಯದರ ಎಡಗಡೆ ಕೆಳಗಿನ ಕಿವಿ ಪೂರ್ತಿ ಹೋಗಿತ್ತು. ಹಿತ್ತಾಳೆ ಚೂರು ಕೂಡಿಸಿ, ಬಿಳಿಗಾರ ಹಚ್ಚಿ, ಬೆಳ್ಳಿಯ ಬೆಸುಗೆ ಇಟ್ಟು, ಅರ ಉಜ್ಜಿ ತೆಗೆದಾಗ ಕಿವಿ ಹುಟ್ಟಿಬಂದಿತ್ತು. ಗುರುಗಳು ಇದ್ದಿದ್ದರೆ ಮಾತಾಡದೆ ಒಂದು ಎಲೆಯಡಿಕೆ ಕೊಡುತ್ತಿದ್ದರು. ಅವರು ಹೊಗಳುತ್ತಿದ್ದದ್ದು ಹಾಗೆ.

ಮಾರುತೇಶ ನೋಡಿ ಕುಣಿದ. ಆಮೇಲೆ ಒಂದು ಮಾತು ತೆಗೆದ. "ಅಣ್ಣ, ಫಾರಿನ್ನಿನವರು ಈಗ ಶಾಣ್ಯಾ ಆಗ್ಯಾರ. ಹಿಂದಿನ ಮುಚ್ಚಳ ತಗದು ನೋಡ್ತಾರ. ಒಳಗ ರಿಪೇರಿ ಗುರುತು ಇದ್ರಷ್ಟs ನಂಬ್ತಾರ. ನಿಮ್ಮ ಗುರುಗಳ ಗುರುತು ಕೆತ್ತಿಕೊಡ್ರಿ."

ಅದು ನಮ್ಮ ಕಸುಬಿನ ಪದ್ಧತಿ. ವಾಚು ಬಿಚ್ಚಿದ ಪ್ರತಿಯೊಬ್ಬ ಕಾರೀಗರ ಮುಚ್ಚಳದ ಒಳಗೆ ಸೂಜಿಯಿಂದ ತನ್ನ ಗುರುತು, ಪುಸ್ತಕದ ನಂಬರು, ತಾರೀಖು ಕೆತ್ತುತ್ತಾನೆ. ಗಿರಾಕಿಗೆ ಅದು ಕಾಣುವುದಿಲ್ಲ. ಮುಂದೆ ಯಾವನೋ ಕಾರೀಗರ ಬಿಚ್ಚಿದಾಗ, ಇದು ಇಂಥವರ ಕೈಯಿಂದ ದಾಟಿದೆ ಅಂತ ಅವನಿಗೆ ತಿಳಿಯಲಿ ಅಂತ ಕೆತ್ತುವುದು. ಗುರುಗಳದ್ದು 'ಹೊ', ಕೊನೆಗೆ ಮೇಲಕ್ಕೆ ಸಣ್ಣ ಕೊಕ್ಕೆ. ಆ ಕೊಕ್ಕೆ ಕಂಡರೆ ಬಳ್ಳಾರಿ, ಕೊಪ್ಪಳದ ಕಾರೀಗರರು ಕೂಡ ಒಳಗಿನದನ್ನು ಮತ್ತೆ ಪರೀಕ್ಷೆ ಮಾಡುತ್ತಿರಲಿಲ್ಲ.

"ಆಗೂದಿಲ್ಲ" ಅಂದೆ. ಗಟ್ಟಿಯಾಗಿಯೇ ಅಂದೆ.

ಜುಲೈ 25, ಗುರುವಾರ

ಆಯಿತು, ಕೆತ್ತಿಕೊಟ್ಟೆ. ಹನ್ನೊಂದಕ್ಕೂ.

ಗುರುಗಳು ತೀರಿ ನಾಲ್ಕು ವರ್ಷ. ಅವರಿಗೆ ಇದರಿಂದ ನಷ್ಟವೇನು? ಕೊಂಡವರು ವಿಮಾನ ಹತ್ತಿ ಹೋಗುತ್ತಾರೆ. ಆದರೆ ಬಾಯಿಗೆ ಬಂದ ನಂಬರು ಕೆತ್ತಲು ಕೈ ಬರಲಿಲ್ಲ. ಗುರುಗಳ ಹಳೇ ಪುಸ್ತಕ ನನ್ನ ಬಳಿಯೇ ಇದೆ. ಅದನ್ನು ತೆಗೆದು, ಯಾವ ಕೇಸಿಗೆ ಯಾವ ರಿಪೇರಿ ಮಾಡಿದ್ದೆನೋ ಅದೇ ರಿಪೇರಿಯ ನಂಬರು ಹುಡುಕಿ ಹಾಕಿದೆ. ಎಡಗಡೆ ಕಿವಿ ಬೆಸೆದದ್ದಕ್ಕೆ ಎಡಗಡೆ ಕಿವಿಯ ನಂಬರು. ಯಾರು ಬಂದು ತಾಳೆ ನೋಡಿದರೂ ಪಕ್ಕಾ. ಪುಸ್ತಕದಲ್ಲಿ ಇದ್ದದ್ದನ್ನೇ ಬರೆದ ಮೇಲೆ ಅದು ಪೂರ್ತಿ ಸುಳ್ಳೂ ಅಲ್ಲ.

ಸುಮಲತಾ ಅಂಗನವಾಡಿ ಮುಗಿಸಿ ಊಟದ ಡಬ್ಬಿ ತಂದವಳು ಹಿಂದೆ ನಿಂತು ನೋಡಿದಳು. "ನಿಮ್ಮ ಗುರುಗಳಿಗೆ ಸತ್ತ ಮ್ಯಾಲೂ ಪುರಸೊತ್ತಿಲ್ಲ ನೋಡ್ರಿ" ಅಂದಳು. ನಗುತ್ತಾಳೋ ಚುಚ್ಚುತ್ತಾಳೋ, ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ನನಗೆ ತಿಳಿಯುವುದಿಲ್ಲ.

ಆಗಸ್ಟ್ 11, ಭಾನುವಾರ

ಡ್ಯಾಮಿನ ಹತ್ತೊಂಬತ್ತನೇ ಗೇಟು ಕೊಚ್ಚಿಹೋಗಿದೆ. ಊರೆಲ್ಲ ಅದೇ ಮಾತು, ಎಲ್ಲರೂ ನೀರು ನೋಡಲು ಓಡುತ್ತಿದ್ದಾರೆ. ಮಾರುತೇಶ ಫೋನ್ ಮಾಡಿದ್ದ. ಏಳು ವಾಚು ಹೋಗಿವೆಯಂತೆ. ಉಳಿದದ್ದನ್ನು ಕಮಲಾಪುರದ ಕಡೆಯ ಒಂದು ರೆಸಾರ್ಟಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದಾನಂತೆ, ಮುಚ್ಚಳ ತೆಗೆದು ಪಕ್ಕಕ್ಕಿಟ್ಟು, ಗುರುತು ಕಾಣುವ ಹಾಗೆ. "ನಿಮ್ಮ ಕೈ ಶೋಕೇಸಿನಾಗ ಐತಿ ಅಣ್ಣ" ಅಂದ. ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ.

ಆಗಸ್ಟ್ 29, ಗುರುವಾರ

ಏನು ಬರೆಯಲಿ.

ಬೆಳಿಗ್ಗೆ ಹನ್ನೊಂದಕ್ಕೆ ಇಬ್ಬರು ಹೆಣ್ಣುಮಕ್ಕಳು ಬಂದರು, ತಾಯಿ ಮಗಳು. ಕಂಪ್ಲಿ ಕಡೆ ಮೆಟ್ರಿಯವರು. ತಾಯಿಯ ಹೆಸರು ಎರ್ರೆಮ್ಮ, ಮಗಳು ಗಂಗಾ. ಗಂಗಾ ಆ ರೆಸಾರ್ಟಿನಲ್ಲೇ ಕೌಂಟರಿನಲ್ಲಿ ಕೆಲಸ ಮಾಡುವವಳು. ತಾಯಿ ಸೆರಗಿನ ಗಂಟು ಬಿಚ್ಚಿ ಒಂದು ವಾಚು ಇಟ್ಟಳು, ಅದರ ಪಕ್ಕ ಹಳದಿಯಾದ ಒಂದು ಚೀಟಿ. ನಮ್ಮ ಅಂಗಡಿಯ ಚೀಟಿ. ಗುರುಗಳ ಅಕ್ಷರ. ನಂಬರು 2147, ಪಾಲಪ್ಪ, ಮೆಟ್ರಿ, 3-8-11.

ಪಾಲಪ್ಪ ಆಕೆಯ ಗಂಡ. ಸಂಡೂರಿನಲ್ಲಿ ಅದಿರಿನ ಲಾರಿ ಓಡಿಸುತ್ತಿದ್ದವನು. 2011ರಲ್ಲಿ ಗಣಿ ನಿಂತಾಗ ಕೆಲಸ ಹುಡುಕಿಕೊಂಡು ಹೋದವನು ತಿರುಗಿ ಬರಲಿಲ್ಲ. ಹೋಗುವ ಎರಡು ದಿನ ಮುಂಚೆ ವಾಚು ಬಿಡಿಸಿಕೊಂಡಿದ್ದ. ಗುರುತಿನ ಮನುಷ್ಯ ಅಂತ ಗುರುಗಳು ಚೀಟಿ ಕೇಳಿರಲಿಲ್ಲ. ಹೀಗಾಗಿ ಚೀಟಿ ಮನೆಯಲ್ಲಿ ಉಳಿಯಿತು. ಹದಿಮೂರು ವರ್ಷ ಅವನ ಫೋಟೋದ ಹಿಂದೆ ಅಂಟಿಸಿಟ್ಟಿದ್ದರು. ಗಂಗಾ ಆ ನಂಬರು ನೋಡುತ್ತಲೇ ದೊಡ್ಡವಳಾದವಳು. ಶೋಕೇಸಿನಲ್ಲಿ ಮುಚ್ಚಳದ ಒಳಗೆ ಅದೇ ನಂಬರು ಕಂಡು, ಸಂಬಳದಲ್ಲಿ ಮುರಿಸಿಕೊಂಡು ವಾಚು ಕೊಂಡು ತಂದಿದ್ದಾಳೆ.

"ಕಿವಿ ಬೆಸುಗಿನೂ ಅದs ಐತಿ ನೋಡ್ರಿ ಯಣ್ಣಾ, ಎಡಕ್ಕ, ಕೆಳಗ" ಅಂದಳು ಎರ್ರೆಮ್ಮ. "ಇದು ಹೊನ್ನೂರಪ್ಪಜ್ಜನ ಗುರುತು ಹೌದಲ್ಲೋ, ನೀವಷ್ಟು ಹೇಳಿಬಿಡ್ರಿ. ನಿಮ್ಮ ಬಿಟ್ರ ಯಾರಿಗೆ ತಿಳೀತೈತಿ?"

ಕಣ್ಣಿಗೆ ಗ್ಲಾಸು ಹಾಕಿಕೊಂಡು ಬಗ್ಗಿದೆ. ನೋಡಲು ಏನಿತ್ತು? ತಿಂಗಳ ಹಿಂದೆ ನಾನೇ ಕೆತ್ತಿದ ಗೀರು. ತಲೆ ಎತ್ತುವುದರೊಳಗೆ ಹೇಳಿಬಿಡಬೇಕು ಅಂದುಕೊಂಡೆ. ಎತ್ತಿದೆ. "ಹೌದವ್ವ, ಗುರುಗಳದs" ಅಂದೆ.

ಆಕೆ ಮಗಳ ಕೈ ಹಿಡಿದು, "ವಾಚು ಮಾರ್ಯಾನಂದ್ರ ಅಂವ ಅದಾನ" ಅಂದಳು. ಆಮೇಲೆ ಬಗ್ಗಿ ನನ್ನ ಕಾಲು ಮುಟ್ಟಿದಳು. ನನಗಿಂತ ಹಿರಿಯಳು. ಥೂ, ನನ್ನ ಜನ್ಮಕ್ಕೆ.

ಆಗಸ್ಟ್ 30

ಅಂಗಡಿ ತೆಗೆಯಲಿಲ್ಲ. ತಲೆನೋವು ಅಂದೆ.

ಸೆಪ್ಟೆಂಬರ್ 4, ಬುಧವಾರ

ಎರ್ರೆಮ್ಮ ಮಾರುತೇಶನ ಬಳಿ ಹೋಗಿದ್ದಾಳೆ, ವಾಚು ಯಾರು ಮಾರಿದರು ಅಂತ ಕೇಳಲು. ಅವನು ಬಾಯಿಗೆ ಬಂದದ್ದು ಹೇಳಿದ್ದಾನೆ: ಗೋವಾದಿಂದ ಬಂದ ಲಾಟಿನಲ್ಲಿತ್ತು, ವಾಸ್ಕೋ ಕಡೆಯಿಂದ. ಹೇಳುವ ಮುಂಚೆ ನನಗೊಂದು ಫೋನ್ ಮಾಡಬಾರದಿತ್ತೇ ಆ ಬೇಕೂಫ? ಆಕೆ ನಾಳೆ ಗೋವಾ ಬಸ್ ಹತ್ತುತ್ತಾಳೆ.

ಇನ್ನೂ ತಡೆಯಬಹುದು. ಅಂಗಡಿಯ ಒಂದು ಖಾಲಿ ಚೀಟಿಯ ಹಿಂದೆ ಗಂಗಾ ತನ್ನ ಫೋನ್ ನಂಬರು ಬರೆದುಕೊಟ್ಟಿದ್ದಾಳೆ. ಎರಡು ಸಲ ಒತ್ತಿ ಕಟ್ ಮಾಡಿದೆ. ಮೂರನೇ ಸಲ ಅವಳೇ ತಿರುಗಿ ಮಾಡಿ, "ಅಣ್ಣಾರ, ಮಿಸ್ ಕಾಲ್ ಕೊಟ್ಟಿದ್ರೇನ್ರಿ?" ಅಂದಳು. ಕೈ ತಪ್ಪಿ ಬಿತ್ತು ಅಂದೆ.

ಸೆಪ್ಟೆಂಬರ್ 13, ಶುಕ್ರವಾರ

ಇವತ್ತು ಪಾಲಪ್ಪನ ತಮ್ಮ ಓಬಳೇಶ ಬಂದಿದ್ದ. ಗದ್ದೆಯಿಂದ ನೇರ ಬಂದವನು, ಕಾಲಿಗೆ ಕೆಸರು. ಕುಂದ್ರಿ ಅಂದರೂ ಕೂರಲಿಲ್ಲ.

"ಹದಿಮೂರು ವರ್ಷ ಹೇಳಿ ಹೇಳಿ ಸಾಕಾಗಿತ್ರಿ. ಈ ಸಲ ಪಕ್ಷದ ಅಮಾಸಿಗಿ ಸತ್ತ ಹಿರಿಯರ ಸಂಗಡ ಅಣ್ಣನ ಹೆಸರಿಗೂ ಅಂಗಿ ಧೋತ್ರ ಇಟ್ಟು ಎಡಿ ಹಿಡಿಯೂನು ಅಂದ್ರ ನಮ್ಮತ್ತಿಗಿ ಒಪ್ಪಿದ್ಲು. ತಾನs ಅಂಗಿ ಬಣ್ಣ ಆರಿಸಿ ತಂದಿದ್ಲು. ಮನಸ್ಸು ತಣ್ಣಗಾಗಿತ್ತು. ಈಗ ನೋಡ್ರಿ, ಗೋವಾದಾಗ ಲಾರಿ ಸ್ಟ್ಯಾಂಡು ಸುತ್ತಾಕ ಹತ್ಯಾಳ. ಎರಡೂ ಎಮ್ಮಿ ಮಾರಿದ್ಲು."

ನಾನು ಇಕ್ಕಳ ಹಿಡಿದು ಇಲ್ಲದ ಕೆಲಸ ಮಾಡುತ್ತ ಕೂತೆ.

"ನಾ ಒಂದs ಕೇಳಾಕ ಬಂದೀನಿ. ಆ ಗುರುತು ಖರೇನಾ?"

ಮತ್ತೊಂದು ಅವಕಾಶ. ದೇವರು ಎಷ್ಟು ಸಲ ಕೊಡುತ್ತಾನೆ? "ಖರೇ" ಅಂದೆ.

"ನೀವು ಹೇಳಿದ ಮ್ಯಾಲ ಮುಗೀತು ಬಿಡ್ರಿ. ಹೊನ್ನೂರಪ್ಪಜ್ಜನ ಅಂಗಡಿ ಇದು" ಅಂದು ಕೈ ಮುಗಿದು ಹೋದ. ಬೈದಿದ್ದರೆ ಚೆನ್ನಾಗಿತ್ತು.

ಸೆಪ್ಟೆಂಬರ್ 16, ಸೋಮವಾರ. ಸಂಡೂರು

ಒಂದು ದಾರಿ ಇದೆ. ಯಾಕೆ ಮೊದಲೇ ಹೊಳೆಯಲಿಲ್ಲ! ಪಾಲಪ್ಪ ಬದುಕಿದ್ದರೆ ನಾನು ಹೇಳಿದ್ದು ಸುಳ್ಳಾಗುವುದಿಲ್ಲ. ಅವನು ಸಿಕ್ಕರೆ ವಾಚಿನ ಮಾತು ಯಾರು ಎತ್ತುತ್ತಾರೆ? ಗಂಗಾಳಿಂದ ಅವನ ಫೋಟೋದ ಒಂದು ಕಾಪಿ ತರಿಸಿಕೊಂಡೆ. ಬೆಳಿಗ್ಗೆ ಮೊದಲ ಬಸ್ಸಿಗೇ ಬಂದೆ.

ಲಾರಿ ನಿಲ್ಲುವ ಕಡೆಯೆಲ್ಲ ತಿರುಗಿದೆ. ಕೆಂಪು ಧೂಳು ಮೂಗಿನೊಳಗೆ ಹೋಗಿದೆ. ಕೊಟ್ರಯ್ಯ ಅನ್ನುವ ಮುದುಕ ಡ್ರೈವರು ಫೋಟೋ ಹಿಡಿದು ಬಹಳ ಹೊತ್ತು ನೋಡಿದ. "ಆ ವರ್ಷ ಇಲ್ಲಿಂದ ಹೋದವರು ಒಬ್ಬರಾ ಇಬ್ಬರಾ. ಈ ಮುಖ ನೋಡೀನಿ ಅನಿಸ್ತೈತಿ. ಎಲ್ಲಾ ಮುಖಾನೂ ಹಂಗs ಅನಿಸ್ತಾವ" ಅಂದ.

ಅನಿಸುತ್ತದೆ ಅಂದನಲ್ಲ. ಇಲ್ಲ ಅನ್ನಲಿಲ್ಲ.

ಸೆಪ್ಟೆಂಬರ್ 18, ಬುಧವಾರ

ತೋರಣಗಲ್ಲಿಗೆ ಹೋಗಿದ್ದೆ. ಉಕ್ಕಿನ ಕಾರ್ಖಾನೆಯ ಗೇಟಿನಿಂದ ಶಿಫ್ಟು ಬಿಡುವಾಗ ನಿಂತು ಒಬ್ಬೊಬ್ಬರ ಮುಖ ನೋಡಿದೆ. ಒಬ್ಬನ ಹಿಂದೆ ಅರ್ಧ ಮೈಲಿ ನಡೆದೆ. ಅವನು ತಿರುಗಿ, "ಏನ್ಲೇ, ಯಾಕ ಬೆನ್ನು ಹತ್ತೀ?" ಅಂದ. ಗಂಗಾವತಿ ಕಡೆಯವನು, ಅವನಲ್ಲ.

ಸೆಪ್ಟೆಂಬರ್ 21, ಶನಿವಾರ

ಮತ್ತೆ ಸಂಡೂರು. ಫೋಟೋ ಮೂಲೆ ಹರಿದಿದೆ, ಟೇಪು ಹಚ್ಚಿದೆ. ಅವನ ಹುಬ್ಬಿನ ಮೇಲೆ ಸಣ್ಣ ಗಾಯದ ಕಲೆ ಇದೆ. ಹದಿಮೂರು ವರ್ಷಕ್ಕೆ ಕೂದಲು ನೆರೆತಿರುತ್ತದೆ, ಹೊಟ್ಟೆ ಬಂದಿರುತ್ತದೆ. ಆದರೆ ಕಲೆ ಎಲ್ಲಿಗೂ ಹೋಗುವುದಿಲ್ಲ. ಸಿಕ್ಕೇ ಸಿಗುತ್ತಾನೆ.

ಸುಮಲತಾ ಅನ್ನ ಬಡಿಸುತ್ತ, "ಯಾರನ್ನ ಹುಡುಕಾಕ ಹತ್ತೀರಿ ನೀವು? ಅಂಗಡಿ ಮುಚ್ಚಿ ಎಂಟು ದಿನ ಆತು" ಅಂದಳು. ಎಂಟು ದಿನವೇನೂ ಆಗಿಲ್ಲ. ಎಣಿಸಿ ನೋಡಿದೆ. ಆಗಿದೆ.

ಸೆಪ್ಟೆಂಬರ್ 26, ಗುರುವಾರ

ಎರ್ರೆಮ್ಮ ಗೋವಾದಿಂದ ಬಂದಿದ್ದಾಳೆ. ಕಾಲು ಬಾತಿದೆ, ಚಪ್ಪಲಿ ಹಾಕಲು ಬರುವುದಿಲ್ಲ. ಹಣೆಯ ತುಂಬ ಕುಂಕುಮ. ಕೈಗೆ ಹೊಸ ಹಸಿರು ಬಳೆ. ಅಂಗಡಿಯ ಮೆಟ್ಟಿಲ ಮೇಲೆಯೇ ಕೂತಳು.

"ಒಬ್ಬ ಟೀ ಅಂಗಡಿಯಾಂವ ಈ ಮುಖ ನೋಡೀನಿ ಅಂದಾನ್ರಿ ಯಣ್ಣಾ. ಹಬ್ಬ ಮುಗಿಸಿ ಮತ್ತ ಹೊಕ್ಕೀನಿ."

ನಾನು ತಟ್ಟನೆ, "ಹುಬ್ಬಿನ ಮ್ಯಾಲೆ ಕಲಿ ಇತ್ತಂತಾ? ಕೇಳಿದ್ರಾ?" ಅಂದೆ. ನಿಜವಾಗಿ ಕೇಳಿದೆ. ಆಕೆಗೆ ಕೇಳಲು ನೆನಪಾಗಿರಲಿಲ್ಲ. ನನಗೆ ಸಿಟ್ಟೇ ಬಂತು. ಅಷ್ಟು ದೂರ ಹೋಗಿ ಅದನ್ನು ಕೇಳಬಾರದೇ?

ಆಕೆ ವಾಚು ಕೈಗಿಟ್ಟಳು. "ಟೈಮು ಹಿಂದ ಬೀಳ್ತೈತ್ರಿ. ಸರಿ ಮಾಡಿಡ್ರಿ. ಬಂದ ಮ್ಯಾಲ ಕಟ್ಟಿಕೊಬೇಕಲ್ಲ ಅಂವ."

ಆಕೆ ಹೋದ ಮೇಲೆ ಮುಚ್ಚಳ ತೆಗೆದೆ. ಉಜ್ಜಿ ಹೊಳಪು ಕೊಡುವ ಬಫ್ ಚಕ್ರ ಪಕ್ಕದಲ್ಲೇ ಇದೆ. ಒಂದು ನಿಮಿಷ ಒತ್ತಿ ಹಿಡಿದರೆ 'ಹೊ' ಇಲ್ಲ, ನಂಬರಿಲ್ಲ, ಏನೂ ಇಲ್ಲ. ಲೋಕದಲ್ಲಿ ಯಾವ ಕಾರೀಗರನೂ ನನ್ನನ್ನು ಹಿಡಿಯಲಾರ. ಸ್ವಿಚ್ಚು ಹಾಕಿದೆ. ಮುಚ್ಚಳ ಹಿಡಿದು ಅಲ್ಲೇ ನಿಂತೆ. ಅಳಿಸಿದರೆ ನಾನು ಉಳಿಯುತ್ತೇನೆ, ಆಕೆ ಮಾತ್ರ ಸಾಯುವ ತನಕ ಗೋವಾದಲ್ಲಿ ತಿರುಗುತ್ತಾಳೆ. ಸ್ವಿಚ್ಚು ಆರಿಸಿದೆ. ವಾಚು ತೊಳೆದು, ಎಣ್ಣೆ ಬಿಟ್ಟು, ಟೈಮು ಸರಿಮಾಡಿದೆ. ದಿನಕ್ಕೆ ಅರ್ಧ ನಿಮಿಷವೂ ಹಿಂದೆ ಬೀಳುವುದಿಲ್ಲ ಈಗ.

ಸೆಪ್ಟೆಂಬರ್ 28, ಶನಿವಾರ. ಹಂಪಿ

ಮಾರುತೇಶನ ಕೊರಳಪಟ್ಟಿ ಹಿಡಿಯಬೇಕು ಅಂತ ಹೋದೆ. ಅವನು ಎಳನೀರು ಕೊಡಿಸಿದ.

"ನೀವು ಸುಮ್ಮನ ತಲಿ ಕೆಡಿಸ್ಕೊಂಡೀರಿ. ಆಕಿ ಶಾಂತ ಆಗಬೇಕು, ಅಷ್ಟs ಅಲ್ಲಾ? ನಾ ವಿಚಾರಿಸೀನಿ, ಸತ್ತವನ ಸಾಮಾನಿನಾಗ ಸಿಕ್ಕಿತ್ತಂತ, ಅಂತ ಹೇಳಿಬಿಡ್ತೀನಿ. ನೀವು ಹೂಂ ಅನ್ರಿ. ಆಕಿ ಎಡಿ ಹಿಡೀತಾಳ, ನೀವೂ ಉಳೀತೀರಿ, ನಾನೂ ಉಳೀತೀನಿ."

ಎಷ್ಟು ಚೆನ್ನಾಗಿ ಕೂಡಿಸಿದ. ಬೆಸುಗೆಯ ಗೀಟೂ ಕಾಣುವುದಿಲ್ಲ. ನಾನು ಹೂಂ ಅಂದು ಬಂದೆ. ಸೋಮವಾರ ಹೇಳುತ್ತಾನಂತೆ.

ಸೆಪ್ಟೆಂಬರ್ 29

ಸೈಕಲ್ ಸ್ಟ್ಯಾಂಡಿನಲ್ಲಿ ಒಬ್ಬನ ಹುಬ್ಬು ನೋಡುತ್ತ ನಿಂತಿದ್ದೆ. ಅವನು ಇಪ್ಪತ್ತೈದರ ಹುಡುಗ.

ಸೆಪ್ಟೆಂಬರ್ 30, ಸೋಮವಾರ

ಬೆಳಿಗ್ಗೆ ಮಾರುತೇಶನಿಗೆ ಫೋನ್ ಮಾಡಿ ಬ್ಯಾಡ ಅಂದೆ. ಯಾಕೆ ಅಂದ. ಗೊತ್ತಿಲ್ಲ ಅಂದೆ. ಕೂಗಾಡಿದ. ಇನ್ನು ಅವನ ಕೆಲಸ ನನಗಿಲ್ಲವಂತೆ. ಸುಮಲತಾಳಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಗುರುಗಳ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿ, "ಬುಧವಾರ ಅಮಾಸಿ. ಎಡಿ ಹಿಡಿಯೂದ್ರಾಗ ಮುಟ್ರಿ" ಅಂದಳು.

ಅಕ್ಟೋಬರ್ 2, ಬುಧವಾರ

ಮೆಟ್ರಿಯಿಂದ ಈಗ ಬಂದೆ. ಮರೆಯುವ ಮುಂಚೆ ಬರೆಯುತ್ತೇನೆ. ಮರೆಯುವುದಿಲ್ಲ, ಆದರೂ.

ಪಡಸಾಲೆಯಲ್ಲಿ ಹಿರಿಯರಿಗೆ ಬಟ್ಟೆ ಜೋಡಿಸಿದ್ದರು. ಎರ್ರೆಮ್ಮನ ಅತ್ತೆಯ ಸೀರೆ, ಮಾವನ ಧೋತ್ರ. ಪಾಲಪ್ಪನ ನೀಲಿ ಅಂಗಿ ಓಬಳೇಶನ ಕೈಯಲ್ಲಿತ್ತು, ಎರ್ರೆಮ್ಮ ಇಡಲು ಬಿಡುತ್ತಿರಲಿಲ್ಲ. ಜಗಳದ ನಡುವೆ ನಾನು ಹೋದೆ. ವಾಚು ಆಕೆಯ ಮುಂದಿಟ್ಟು ಹೇಳಿದೆ. ಒಂದೇ ಉಸಿರಿಗೆ ಹೇಳಿದೆ. ಇದು ನಿಮ್ಮ ಯಜಮಾನರ ವಾಚಲ್ಲ, ಡುಪ್ಲಿಕೇಟು, ನಂಬರು ಪುಸ್ತಕ ನೋಡಿ ನಾನೇ ಕೆತ್ತಿದ್ದು.

ಆಕೆ ನನ್ನನ್ನಲ್ಲ, ಓಬಳೇಶನನ್ನು ನೋಡಿದಳು. "ನೀ ಕರಿಸೀಯೇನ್ಲೇ ಇವರ್ನ?" ಅಂದಳು. ಆಮೇಲೆ ನನಗೆ, "ಹೊನ್ನೂರಪ್ಪಜ್ಜನ ಶಿಷ್ಯ ಆಗಿ ಸುಳ್ಳು ಹೇಳಾಕ ಬಂದೀರಲ್ರಿ. ನಾ ನಂಬೂದಿಲ್ಲ."

ಎರಡು ಸಲ ಸುಳ್ಳು ಹೇಳಿದಾಗ ಕಣ್ಣು ಮುಚ್ಚಿ ನಂಬಿದ ಮನೆ. ನಿಜ ಹೇಳಿದರೆ ಸಾಕ್ಷಿ ಬೇಕು. ಚೀಲದಲ್ಲಿ ಖಾಲಿ ಮುಚ್ಚಳ, ಸೂಜಿ ಒಯ್ದಿದ್ದೆ. ಅವರೆಲ್ಲರ ಮುಂದೆ ನೆಲದ ಮೇಲೆ ಕೂತು ಕೆತ್ತಿದೆ. ಹೊ. ಕೊಕ್ಕೆ. 2147. 3-8-11. ಕೈ ಒಂದಿಷ್ಟೂ ನಡುಗಲಿಲ್ಲ. ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು.

ವಾಚಿನ ಮುಚ್ಚಳವನ್ನೂ ತೆಗೆದು, ಎರಡನ್ನೂ ಗ್ಲಾಸನ್ನೂ ಗಂಗಾಳ ಕೈಗೆ ಕೊಟ್ಟೆ. ಅವಳು ಒಂದಾದ ಮೇಲೆ ಒಂದು ನೋಡಿದಳು. ಮತ್ತೆ ನೋಡಿದಳು. "ಅವ್ವಾ, ಎರಡೂ ಒಂದs ಕೈ" ಅಂದಳು. ಆಮೇಲೆ ಗೋಡೆಗೆ ಒರಗಿ, "ನಾನs ತಂದು ಕೊಟ್ಟೆನಲ್ಲ ಇದನ್ನ" ಅಂತ ಅತ್ತಳು.

ಓಬಳೇಶ ನನ್ನ ಎದೆಯ ಮೇಲಿನ ಅಂಗಿ ಹಿಡಿದು ಎಬ್ಬಿಸಿದ. ಹೊಡೆಯಲಿ ಅಂತ ನಿಂತೆ. ಎರ್ರೆಮ್ಮ, "ಬಿಡು ಅವನ್ನ" ಅಂದಳು.

ಆಕೆ ವಾಚನ್ನು ಮುಟ್ಟಲಿಲ್ಲ. ಆಮೇಲೆ ನನಗೆ ಹೇಳಿದಳು, ಮೊದಲ ಸಲ ಏಕವಚನದಲ್ಲಿ: "ಹದಿಮೂರು ವರ್ಷ ಆತು. ಪೊಲೀಸರು ಅಂದ್ರು, ಊರಾಗಿನವರು ಅಂದ್ರು, ಮನ್ಯಾಗಿನವರು ಅಂದ್ರು. ಯಾರ ಬಾಯಾಗೂ ಅಂವ ಸಾಯಲಿಲ್ಲ. ಇವತ್ತು ಸತ್ತ. ನಿನ್ನ ಬಾಯಾಗ."

"ತಪ್ಪಾತವ್ವ" ಅಂದೆ. ಅದೊಂದು ಮಾತೇ?

ಆಕೆ ಓಬಳೇಶನ ಕೈಯಿಂದ ಅಂಗಿ ತೆಗೆದುಕೊಂಡು, ಮಡಿಕೆ ಸರಿಮಾಡಿ, ಮಾವನ ಧೋತ್ರದ ಪಕ್ಕ ಇಟ್ಟಳು. ಎಡೆ ಹಿಡಿದರು. ನಾನು ಕಟ್ಟೆಯ ಮೇಲೆ ಚಪ್ಪಲಿ ಹುಡುಕುತ್ತಿದ್ದೆ. ಆಕೆ ಹೊರಗೆ ಬಂದಳು.

ಅವರ ಮನೆಯಲ್ಲಿ ಒಂದು ಪದ್ಧತಿಯಂತೆ. ಹೊಸದಾಗಿ ಹಿರಿಯರ ಸಾಲಿಗೆ ಸೇರಿದವರ ಎಡೆಯನ್ನು ಮನೆಯವರು ಉಣ್ಣುವ ಮುಂಚೆ ಹೊರಗಿನವರೊಬ್ಬರು ಉಣ್ಣಬೇಕು. ಉಂಡರೆ ಸತ್ತವನಿಗೆ ಮುಟ್ಟಿತು ಅಂತ ಲೆಕ್ಕ.

"ಕುಂದ್ರು" ಅಂದಳು.

"ನನಗಾಗೂದಿಲ್ಲವ್ವ. ಬ್ಯಾರೆ ಯಾರನರ ಕರೀರಿ."

"ಬ್ಯಾರೆಯವರು ಯಾಕ? ನೀನs ಕುಂದ್ರು."

ಕೂತೆ. ಜೋಳದ ರೊಟ್ಟಿ, ಪುಂಡಿಪಲ್ಯ, ಹೋಳಿಗೆ. ನೀರು ಕುಡಿದು ಕುಡಿದು ಇಳಿಸಿದೆ. ಎರಡು ರೊಟ್ಟಿ ಮುಗಿಸಿ ಏಳಲು ಹೋದಾಗ ಆಕೆ ತಟ್ಟೆಗೆ ಇನ್ನೊಂದು ಹಾಕಿದಳು.

"ಎರಡು ಸಾಲ್ತಿರ್ಲಿಲ್ಲ ಅವನಿಗಿ" ಅಂದಳು.

ಮೂರನೆಯದನ್ನೂ ತಿಂದೆ.